ಲಿಂಗತ್ವ, ಲೈಂಗಿಕ ಒಲವು, ಅಂಗವೈಕಲ್ಯ ಮತ್ತು ಸಾಮಾಜಿಕ ಅಸಮಾನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಯಲ್ಲಿ ಸಮಾಜಶಾಸ್ತ್ರ ಕಲಿಸುವವರಿಗೆ ವರ್ಷ ವರ್ಷವೂ ಎದುರಾಗುವ ಪ್ರಶ್ನೆಗಳಿವು. ಕೆಲವನ್ನು ವಿದ್ಯಾರ್ಥಿಗಳು ಎಲ್ಲರೆದುರೇ ಕೇಳುತ್ತಾರೆ. ಕೆಲವನ್ನು ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ಲಿಂಗ ಮತ್ತು ಲಿಂಗತ್ವ ಎಂಬ ಎರಡು ಪದಗಳು ಏಕೆ ಬೇಕು?

ಹುಟ್ಟಿನಿಂದ ಬಂದ ದೇಹಲಕ್ಷಣಗಳನ್ನು ಲಿಂಗ ಎನ್ನುತ್ತೇವೆ. ಆ ದೇಹದವರು ಹೇಗೆ ಕೂರಬೇಕು, ಏನು ಉಡಬೇಕು, ಯಾವ ಕೆಲಸಕ್ಕೆ ಕೈ ಹಾಕಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂದು ಸಮಾಜ ಕಲಿಸುವ ಕಟ್ಟುಪಾಡುಗಳೆಲ್ಲ ಸೇರಿ ಲಿಂಗತ್ವವಾಗುತ್ತದೆ. ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಆ್ಯನ್ ಓಕ್ಲಿ 1972ರಲ್ಲಿ ಈ ಭೇದವನ್ನು ಖಚಿತವಾಗಿ ಮಂಡಿಸಿದ ಮೇಲೆ ಅದು ಈ ಶಾಸ್ತ್ರದ ಮೊದಲ ಪಾಠಗಳಲ್ಲೊಂದಾಯಿತು.

ಎರಡು ಪದಗಳ ಅಗತ್ಯ ತಿಳಿಯಬೇಕಾದರೆ ಅಡುಗೆಯನ್ನೇ ನೋಡಿ. ಮನೆಯಲ್ಲಿ ದಿನವೂ ಬೇಯಿಸುವುದು ಹೆಂಗಸಿನ ಸಹಜ ಗುಣವೆಂದು ನಂಬುವ ಊರಿನಲ್ಲೇ ಮದುವೆಯ ಅಡುಗೆಗೆ ಭಟ್ಟರನ್ನು ಕರೆಸುತ್ತಾರೆ, ಹೋಟೆಲಿನ ಒಲೆಯ ಮುಂದೆಯೂ ಹೆಚ್ಚಾಗಿ ಗಂಡಸರೇ ನಿಂತಿರುತ್ತಾರೆ. ಸಂಬಳ ಬಂದೊಡನೆ ಕೆಲಸದ ಲಿಂಗತ್ವ ಬದಲಾಗುವುದಾದರೆ ಅದಕ್ಕೆ ಕಾರಣ ದೇಹವಾಗಿರಲಾರದು. ಹೊಲಗದ್ದೆಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಲೆಕ್ಕವೂ ಹೀಗೆಯೇ ನಡೆದುಬಂದಿದೆ. ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವುದು ಉಳುವುದಕ್ಕಿಂತ ಹಗುರವೆಂದು ತೀರ್ಮಾನಿಸಿದವರು ಯಾರೆಂದು ಕೇಳಿದರೆ ಉತ್ತರ ಹೊಲದಲ್ಲಿ ಸಿಗುವುದಿಲ್ಲ.

ಹಾಗಾದರೆ ದೇಹಗಳ ನಡುವೆ ವ್ಯತ್ಯಾಸವೇ ಇಲ್ಲವೇ?

ಇದೆ. ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ವ್ಯತ್ಯಾಸ ಯಾವಾಗ, ಯಾರ ಅನುಕೂಲಕ್ಕೆ ತಾರತಮ್ಯವಾಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಗಂಡು ದುಡಿದು ತರುವುದು, ಹೆಣ್ಣು ಮನೆ ನೋಡಿಕೊಳ್ಳುವುದು ಬರೀ ಕೆಲಸದ ಹಂಚಿಕೆಯಲ್ಲವೇ?

1950ರ ದಶಕದಲ್ಲಿ ಅಮೆರಿಕದ ಟಾಲ್ಕಟ್ ಪಾರ್ಸನ್ಸ್ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಗಂಡ ಹೊರಗಿನ ವ್ಯವಹಾರ ಸಂಭಾಳಿಸಿದರೆ, ಹೆಂಡತಿ ಮನೆಮಂದಿಯ ಮನಸ್ಸನ್ನು ಸಂಭಾಳಿಸುತ್ತಾಳೆ, ಇಬ್ಬರಿಂದ ಕುಟುಂಬವೆಂಬ ಯಂತ್ರ ಸುಸೂತ್ರವಾಗಿ ಓಡುತ್ತದೆ ಎಂಬುದು ಅವರ ವಾದ. ಈ ಹಂಚಿಕೆಯಲ್ಲಿ ಒಂದು ಪಾಲಿಗೆ ಹಣ, ರಜೆ, ಪಿಂಚಣಿ ಇವೆ, ಇನ್ನೊಂದು ಪಾಲಿಗೆ ಇವು ಯಾವುವೂ ಇಲ್ಲ ಎಂಬುದನ್ನು ಆ ವಾದ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಓಕ್ಲಿ ಲಂಡನ್ನಿನ 40 ಗೃಹಿಣಿಯರನ್ನು ಮಾತನಾಡಿಸಿ ಮನೆಗೆಲಸವನ್ನು ಬೇರಾವುದೇ ದುಡಿಮೆಯಂತೆ ಅಳೆದಾಗ, ಅವರು ವಾರಕ್ಕೆ ಸರಾಸರಿ 77 ಗಂಟೆ ದುಡಿಯುತ್ತಿದ್ದುದು ಕಂಡಿತು.

ನಮ್ಮ ದೇಶದ ಲೆಕ್ಕವೂ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು ಕೊಡುವುದು 97 ನಿಮಿಷ. ಅದಕ್ಕಿಂತ ಮುಖ್ಯವಾದದ್ದು ತೊಡಗುವವರ ಪ್ರಮಾಣ: ಆರು ವರ್ಷ ಮೀರಿದ ಹೆಂಗಸರಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1. ಈ ಅಂಕಿಗಳನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಒಬ್ಬನಾದರೂ ಎದ್ದು ನಿಂತು, ‘ನಾನು ಅಮ್ಮನಿಗೆ ಸಹಾಯ ಮಾಡ್ತೀನಿ ಸರ್’ ಎನ್ನುತ್ತಾನೆ. ಅವನ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ಆದರೆ ತಾನು ಉಂಡ ತಟ್ಟೆಯನ್ನು ತಾನೇ ತೊಳೆಯುವುದನ್ನು ‘ಸಹಾಯ’ ಎನ್ನಬೇಕಾದರೆ ಆ ತಟ್ಟೆ ಮೂಲತಃ ಇನ್ನೊಬ್ಬರ ಹೊಣೆ ಎಂದು ಮೊದಲೇ ಒಪ್ಪಿಕೊಂಡಿರಬೇಕು.

ಜಾತಿಗೂ ಇದಕ್ಕೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅಂಬೇಡ್ಕರ್, ಜಾತಿ ಉಳಿದಿರುವುದು ಒಳಜಾತಿ ಮದುವೆಯ ನಿಯಮದಿಂದ ಎಂದರು. ಆ ನಿಯಮ ಉಳಿಯಬೇಕಾದರೆ ಹೆಂಗಸರ ಬದುಕಿನ ಮೇಲೆ ಹತೋಟಿ ಇರಲೇಬೇಕಾಗುತ್ತದೆ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಈ ಹತೋಟಿಯ ಉಪಾಯಗಳಾಗಿದ್ದವು ಎಂದು ತೋರಿಸಿದರು. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಕೊಡಗಿನ ಅಧ್ಯಯನದಿಂದ ರೂಪಿಸಿದ ಸಂಸ್ಕೃತೀಕರಣದ ಪರಿಕಲ್ಪನೆಯಲ್ಲೂ ಈ ಎಳೆ ಇದೆ. ಕೆಳಗಿನ ಜಾತಿಯೊಂದು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಹೊರಟಾಗ, ಅಲ್ಲಿಯವರೆಗೆ ಹೊಲಕ್ಕೆ, ಸಂತೆಗೆ ಹೋಗಿ ಬರುತ್ತಿದ್ದ, ವಿಧವೆಯಾದರೆ ಮರುಮದುವೆಗೆ ಅವಕಾಶವಿದ್ದ ಹೆಂಗಸರ ಮೇಲೆ ಕಟ್ಟುಪಾಡು ಬಿಗಿಯಾಗುತ್ತದೆ. ಮನೆತನಕ್ಕೆ ಗೌರವ ಬಂತು ಎಂದು ಊರು ಹೇಳುವ ಹೊತ್ತಿನಲ್ಲಿ ಒಳಗಿನ ಯಾರದೋ ಓಡಾಟ ನಿಂತಿರುತ್ತದೆ.

ಲೈಂಗಿಕ ಒಲವು ಖಾಸಗಿ ವಿಷಯ. ಅದರಲ್ಲಿ ಸಮಾಜಶಾಸ್ತ್ರಕ್ಕೇನು ಕೆಲಸ?

ಖಾಸಗಿಯಾಗಿಯೇ ಇರಲು ರಾಜ್ಯವೂ ಸಮಾಜವೂ ಬಿಟ್ಟಿದ್ದರೆ ನಮಗೆ ಕೆಲಸವಿರುತ್ತಿರಲಿಲ್ಲ. 1860ರ ಭಾರತೀಯ ದಂಡಸಂಹಿತೆಯ 377ನೇ ಕಲಮು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಆ ಕಲಮು ಅನ್ವಯಿಸದು ಎಂದು ತೀರ್ಪಿತ್ತಿತು. ಯಾರು ಯಾರನ್ನು ಪ್ರೀತಿಸಬಾರದು ಎಂಬ ಬಗ್ಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಪೊಲೀಸ್ ಠಾಣೆಗೆ ಅಧಿಕಾರವಿತ್ತು ಎಂದಾಯಿತು.

ಬ್ರಿಟನ್ನಿನ ಮೇರಿ ಮ್ಯಾಕಿಂಟಾಷ್ 1968ರಲ್ಲಿ ಪ್ರಶ್ನೆಯ ದಿಕ್ಕನ್ನೇ ತಿರುಗಿಸಿದರು. ಸಲಿಂಗಾಸಕ್ತಿಗೆ ಕಾರಣವೇನು ಎಂದು ಹುಡುಕುವುದನ್ನು ಬಿಟ್ಟು, ಕೆಲವರನ್ನು ‘ಆ ಥರದವರು’ ಎಂದು ಬೇರೆ ಗುಂಪಾಗಿ ಗುರುತಿಸಿ ಇಡುವ ಪಾತ್ರವನ್ನು ಸಮಾಜ ಯಾಕೆ ಸೃಷ್ಟಿಸುತ್ತದೆ ಎಂದು ಕೇಳಬೇಕು ಎಂದರು. ಗಂಡುಹೆಣ್ಣಿನ ಆಕರ್ಷಣೆಗೆ ಕಾರಣವೇನೆಂದು ಯಾರೂ ಸಂಶೋಧನೆಗೆ ಹೊರಡುವುದಿಲ್ಲ. ವಿವರಣೆ ಕೊಡಬೇಕಾದ ಭಾರ ಸದಾ ಒಂದೇ ಕಡೆಯವರ ಮೇಲೆ ಬೀಳುತ್ತದೆ.

ಅಪರಾಧವಲ್ಲವೆಂದ ಮಾತ್ರಕ್ಕೆ ಸಮಾನತೆ ಬಂದಂತಾಗಲಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ನಿರಾಕರಿಸಿ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಮದುವೆ ಎಂದರೆ ಛತ್ರ, ಊಟ, ಫೋಟೋ ಅಷ್ಟೇ ಅಲ್ಲವಲ್ಲ. ಆಸ್ಪತ್ರೆಯಲ್ಲಿ ‘ಇವರಿಗೆ ನೀವೇನಾಗಬೇಕು?’ ಎಂದು ಕೇಳಿದಾಗ ಕೊಡಬಹುದಾದ ಉತ್ತರ, ಬಾಡಿಗೆ ಮನೆಯ ಮಾಲೀಕರ ಮುಂದೆ ಹೇಳಿಕೊಳ್ಳಬಹುದಾದ ನಂಟು, ಸತ್ತ ಮೇಲೆ ಆಸ್ತಿಯ ಹಕ್ಕು, ಇವೆಲ್ಲ ಆ ಒಂದು ನೋಂದಣಿಗೆ ಅಂಟಿಕೊಂಡಿವೆ. 2024ರಲ್ಲಿ ಕೇಂದ್ರ ಸರ್ಕಾರ ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು, ಪಡಿತರ ಚೀಟಿಯ ಮಟ್ಟಿಗೆ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಲು ರಾಜ್ಯಗಳಿಗೆ ತಿಳಿಸಿತು. ಕುಟುಂಬವೆಂದು ಒಪ್ಪದೆಯೂ ಪಡಿತರಕ್ಕೆ ಒಂದೇ ಮನೆಯವರೆಂದು ಒಪ್ಪಿದ ಈ ವ್ಯವಸ್ಥೆ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ಪಾಠ.

ಲೈಂಗಿಕ ಅಲ್ಪಸಂಖ್ಯಾತರು, ಲಿಂಗತ್ವ ಅಲ್ಪಸಂಖ್ಯಾತರು ಇಬ್ಬರೂ ಒಂದೇ ಅಲ್ಲವೇ?

ಅಲ್ಲ. ಯಾರ ಕಡೆಗೆ ಆಕರ್ಷಣೆ ಎಂಬುದು ಒಲವಿನ ವಿಷಯ, ನಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂಬುದು ಗುರುತಿನ ವಿಷಯ. ಮೊದಲನೆಯದರಲ್ಲಿ ಭಿನ್ನರಾದವರು ಲೈಂಗಿಕ ಅಲ್ಪಸಂಖ್ಯಾತರು, ಎರಡನೆಯದರಲ್ಲಿ ಭಿನ್ನರಾದವರು ಲಿಂಗತ್ವ ಅಲ್ಪಸಂಖ್ಯಾತರು. ಪತ್ರಿಕೆಗಳು ಇವೆರಡನ್ನೂ ಕಲಸಿ ಬರೆಯುವುದು ಇನ್ನೂ ನಿಂತಿಲ್ಲ.

ನಮ್ಮ ಪರಂಪರೆಯಲ್ಲಿ ಇಂಥವರಿಗೆ ಒಪ್ಪಿಗೆ ಇತ್ತಲ್ಲವೇ? ಅರ್ಧನಾರೀಶ್ವರ, ಶಿಖಂಡಿ, ಬೃಹನ್ನಳೆ ಎಲ್ಲ ಇದ್ದರಲ್ಲ?

ಪುರಾಣದಲ್ಲಿ ಸ್ಥಾನವಿರುವುದಕ್ಕೂ ಬೀದಿಯಲ್ಲಿ ಸ್ಥಾನವಿರುವುದಕ್ಕೂ ನಡುವೆ ದೂರವಿದೆ. ಉತ್ತರ ಕರ್ನಾಟಕದ ಜೋಗಪ್ಪಗಳನ್ನು ನೋಡಿ. ಗಂಡಾಗಿ ಹುಟ್ಟಿ, ಸವದತ್ತಿಯ ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು ಇವರು. ದೇವಿಯ ಕೊಡ ಹೊತ್ತು ಮನೆಬಾಗಿಲಿಗೆ ಬಂದಾಗ ಹಿರಿಯರೂ ಕಾಲಿಗೆರಗುತ್ತಾರೆ, ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಅದೇ ವ್ಯಕ್ತಿ ಮರುದಿನ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಈ ಮನ್ನಣೆ ಸಿಗುವುದು ದೇವಿ ಮೈಮೇಲಿರುವ ಹೊತ್ತಿಗೆ ಮಾತ್ರ. ಮನೆ, ಆಸ್ತಿ, ಉದ್ಯೋಗದ ಪ್ರಶ್ನೆ ಬಂದಾಗ ಅದು ನೆರವಿಗೆ ಬರುವುದಿಲ್ಲ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ಅದು ಅಷ್ಟು ದೊಡ್ಡ ಸುದ್ದಿಯಾದದ್ದೇ ಈ ಕಾರಣಕ್ಕೆ: ಗುಡಿಯ ಆವರಣದಲ್ಲಿದ್ದ ಮನ್ನಣೆ ಸರ್ಕಾರಿ ಕುರ್ಚಿಯವರೆಗೆ ಬಂದಿತ್ತು.

ವಸಾಹತು ಆಡಳಿತವೂ ತನ್ನ ಪಾಲಿನ ಕೆಲಸ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜ್ರಾ ಸಮುದಾಯದವರನ್ನು ನೋಂದಣಿ ಮಾಡಿ ನಿಗಾ ಇಡುವ ಭಾಗವೊಂದಿತ್ತು. ಇಂದಿನ ಬೀದರ್, ಕಲಬುರಗಿ, ರಾಯಚೂರು ಭಾಗಗಳೂ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1919ರಲ್ಲಿ ಇಂಥದೇ ಕಾನೂನು ಬಂತು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಅದನ್ನು ಅಲ್ಲಿನ ಹೈಕೋರ್ಟು ರದ್ದುಪಡಿಸಿದ್ದು 2023ರಲ್ಲಿ. ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವಂತೆಯೂ ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ ಇದೇ ಮಾದರಿಯ 36ಎ ಕಲಮನ್ನು ಸೇರಿಸಿದ್ದು 2011ರಲ್ಲಿ, ನಾವೇ ಆರಿಸಿದ ಶಾಸನಸಭೆ.

ಅಂಗವೈಕಲ್ಯ ವೈದ್ಯರ ವಿಷಯವಲ್ಲವೇ?

ಕೆಲವು ವರ್ಷಗಳ ಹಿಂದೆ, ಬಾಲ್ಯದಲ್ಲಿ ಪೋಲಿಯೊ ಬಂದ ನನ್ನ ಚಿಕ್ಕಪ್ಪನನ್ನು ಒಂದು ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಂಗವಿಕಲರ ಅರ್ಜಿ ಸ್ವೀಕರಿಸುವ ಕೋಣೆ ಮೊದಲ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ನಾನೇ ಅರ್ಜಿ ಹಿಡಿದು ಮೇಲೆ ಹೋದರೆ, ‘ಅರ್ಜಿದಾರರೇ ಬಂದು ಎದುರಿಗೇ ಸಹಿ ಹಾಕಬೇಕು, ನಿಯಮ’ ಎಂದರು. ಹದಿನೆಂಟು ಮೆಟ್ಟಿಲು. ಚಿಕ್ಕಪ್ಪ ಕೈಗಂಬಿ ಹಿಡಿದು ಒಂದೊಂದನ್ನೇ ಹತ್ತಿ ಹೋಗಿ ಸಹಿ ಹಾಕಿದರು. ಇಳಿಯುವಾಗ, ‘ಹತ್ತೋಕೆ ಆಗೋರಿಗೆ ಮಾತ್ರ ಕೊಡ್ತಾರೇನೋ ಕಣೋ’ ಎಂದು ನಕ್ಕರು.

ಅವರ ಕಾಲಿಗೆ ಪೋಲಿಯೊ ಬಂದದ್ದು ವೈದ್ಯಕೀಯ ಸಂಗತಿ, ನಿಜ. ಆದರೆ ಆ ದಿನ ಅವರನ್ನು ತಡೆದದ್ದು ಮೆಟ್ಟಿಲು ಮತ್ತು ನಿಯಮ. ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲಿ ಈ ಎರಡನ್ನು ಬೇರ್ಪಡಿಸಿತು: ದೇಹದಲ್ಲಿರುವ ಕೊರತೆ ಒಂದು, ಆ ಕೊರತೆಯಿರುವವರನ್ನು ಹೊರಗಿಟ್ಟು ಕಟ್ಟಿದ ಸಮಾಜ ಅವರ ಮೇಲೆ ಹೇರುವ ವೈಕಲ್ಯ ಇನ್ನೊಂದು. 1983ರಲ್ಲಿ ಮೈಕ್ ಆಲಿವರ್ ಇದಕ್ಕೆ ‘ಸಾಮಾಜಿಕ ಮಾದರಿ’ ಎಂಬ ಹೆಸರು ಕೊಟ್ಟರು. ಅದೇ ಚಳವಳಿಯ ವಿಕ್ ಫಿಂಕಲ್‌ಸ್ಟೈನ್ ಗಾಲಿಕುರ್ಚಿ ಬಳಸುತ್ತಿದ್ದವರು. ಅವರು ಒಂದು ಊರನ್ನು ಕಲ್ಪಿಸಿಕೊಂಡರು. ಅಲ್ಲಿ ಎಲ್ಲರೂ ಗಾಲಿಕುರ್ಚಿಯವರೇ, ಹಾಗಾಗಿ ಬಾಗಿಲು, ಸೂರು ಎಲ್ಲ ತಗ್ಗು. ಅಲ್ಲಿಗೆ ಬಂದ ನಡೆಯುವ ಮಂದಿ ಹೋದಲ್ಲೆಲ್ಲ ಹಣೆ ಚಚ್ಚಿಸಿಕೊಳ್ಳುತ್ತಾರೆ. ವೈದ್ಯರು ಅವರನ್ನು ಪರೀಕ್ಷಿಸಿ ವಿಶೇಷ ಶಿರಸ್ತ್ರಾಣ ಬರೆದುಕೊಡುತ್ತಾರೆ, ಕೆಲಸ ಕೊಡಲು ಯಾರೂ ಮುಂದೆ ಬರುವುದಿಲ್ಲ, ಕೊನೆಗೆ ಅವರಿಗಾಗಿ ದತ್ತಿಸಂಸ್ಥೆಗಳು ಹುಟ್ಟುತ್ತವೆ. ಬಾಗಿಲು ಎತ್ತರಿಸಬಹುದಲ್ಲ ಎಂದು ಆ ಊರಿನ ಗಾಲಿಕುರ್ಚಿಯವರಿಗೆ ಹೊಳೆಯುವುದೇ ಇಲ್ಲ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಚಿಂತನೆಯನ್ನು ತನ್ನ ವ್ಯಾಖ್ಯೆಯಲ್ಲೇ ಒಪ್ಪಿಕೊಂಡಿದೆ. ದೀರ್ಘಕಾಲದ ಕೊರತೆಯೊಂದು ಸುತ್ತಲಿನ ಅಡೆತಡೆಗಳೊಂದಿಗೆ ಸೇರಿ ಪೂರ್ಣ ಭಾಗವಹಿಸುವಿಕೆಗೆ ಅಡ್ಡಿಯಾದಾಗ ಅದು ಅಂಗವೈಕಲ್ಯ. ಗುರುತಿಸಿದ ಸ್ಥಿತಿಗಳು 1995ರ ಕಾಯ್ದೆಯಲ್ಲಿ 7 ಇದ್ದವು, ಈಗ 21 ಆಗಿವೆ. ಆದರೆ ಮೀಸಲಾತಿ ಬೇಕಾದರೆ ವೈದ್ಯಕೀಯ ಮಂಡಳಿ ಶೇ. 40 ಎಂದು ಬರೆದುಕೊಡಬೇಕು. ವ್ಯಾಖ್ಯೆ ಸಮಾಜವನ್ನೂ ನೋಡುತ್ತದೆ, ಪ್ರಮಾಣಪತ್ರ ಕಾಲನ್ನು ಮಾತ್ರ ಅಳೆಯುತ್ತದೆ. ಮೆಟ್ಟಿಲಿಗೆ ಎಷ್ಟು ಶೇಕಡಾ ಎಂದು ಬರೆಯುವ ಅಂಕಣ ಆ ನಮೂನೆಯಲ್ಲಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವೈದ್ಯಕೀಯ ಪದವೀಧರರೊಬ್ಬರಿಗೆ, ಈ ಮಿತಿ ದಾಟದ ಕಾರಣಕ್ಕೆ, ನಾಗರಿಕ ಸೇವಾ ಪರೀಕ್ಷೆಯಲ್ಲಿ ಅವರ ಪರವಾಗಿ ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸಲಾಗಿತ್ತು. ಲಿಪಿಕಾರರ ಸೌಲಭ್ಯವನ್ನು ಶೇ. 40ಕ್ಕೆ ಕಟ್ಟಿಹಾಕುವಂತಿಲ್ಲ ಎಂದು 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಎಲ್ಲವನ್ನೂ ಸಮಾಜದ ಮೇಲೆ ಹೊರಿಸಿದರೆ ನೋವು, ಆಯಾಸಗಳನ್ನು ಮರೆತಂತಾಗುವುದಿಲ್ಲವೇ?

ಈ ಟೀಕೆ ಚಳವಳಿಯ ಒಳಗಿನಿಂದಲೇ ಬಂದಿದೆ, ನನಗದು ಸರಿಯೆನಿಸುತ್ತದೆ. ಇಳಿಜಾರು ದಾರಿ ಕಟ್ಟಿದ ಮಾತ್ರಕ್ಕೆ ರಾತ್ರಿಯ ಸ್ನಾಯುಸೆಳೆತ ನಿಲ್ಲುವುದಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಟಾಮ್ ಶೇಕ್ಸ್‌ಪಿಯರ್ ಮೊದಲಾದವರು ದೇಹ ಮತ್ತು ಸಮಾಜ ಎರಡನ್ನೂ ಒಟ್ಟಿಗೆ ನೋಡಬೇಕೆನ್ನುತ್ತಾರೆ.

ಯಾವ ಪದ ಬಳಸಬೇಕು: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ?

ಎದುರಿಗಿರುವವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ. ‘ವಿಕಲಚೇತನ’ ಎಂಬ ಪದ ಚೇತನವೇ ಊನವಾಗಿದೆ ಎಂದು ಸೂಚಿಸುತ್ತದೆಂದು ಆಕ್ಷೇಪಿಸುವವರಿದ್ದಾರೆ. ‘ದಿವ್ಯಾಂಗ’ದ ಬಗ್ಗೆ, ದೇವರನ್ನು ಎಳೆದು ತಂದು ಇಳಿಜಾರಿನ ಪ್ರಶ್ನೆಯನ್ನು ಮರೆಸುತ್ತದೆ ಎಂಬ ದೂರಿದೆ.

ಕನ್ನಡದ ಒಂದು ಅನುಕೂಲವನ್ನು ಇಲ್ಲಿಯೇ ಹೇಳಬೇಕು. ‘ಅವನು’, ‘ಅವಳು’ ಎನ್ನಲು ಲಿಂಗ ಗೊತ್ತಿರಬೇಕು. ‘ಅವರು ಬಂದರು’ ಎನ್ನಲು ಗೊತ್ತಿರಬೇಕಾಗಿಲ್ಲ. ಬೇರೆ ಭಾಷೆಗಳು ಹೊಸ ಸರ್ವನಾಮಕ್ಕಾಗಿ ಜಗಳವಾಡುತ್ತಿರುವಾಗ ನಮ್ಮ ಬಹುವಚನದ ಗೌರವವೇ ಆ ಕೆಲಸ ಮಾಡುತ್ತದೆ. ತೊಂದರೆಯೆಂದರೆ, ಆ ಗೌರವವನ್ನು ಯಾರಿಗೆ ಕೊಡಬೇಕು, ಯಾರನ್ನು ಏಕವಚನದಲ್ಲಿ ಕೂಗಬಹುದು ಎಂಬುದನ್ನು ಜಾತಿ, ವಯಸ್ಸು, ಉಡುಪು ನೋಡಿ ನಿರ್ಧರಿಸುವ ಅಭ್ಯಾಸವೂ ನಮ್ಮದೇ.

ಒಬ್ಬರ ಮೇಲೆಯೇ ಹಲವು ಬಗೆಯ ತಾರತಮ್ಯ ಬಿದ್ದರೆ ಅವನ್ನು ಕೂಡಿಸಿ ನೋಡಿದರೆ ಸಾಕಲ್ಲವೇ?

ಸಾಲದು, ಅದಕ್ಕೆ ಕಾರಣವನ್ನು ತೋರಿಸಿದ್ದು ಅಮೆರಿಕದ ಒಂದು ಮೊಕದ್ದಮೆ. ಜನರಲ್ ಮೋಟರ್ಸ್ ಕಂಪನಿಯಲ್ಲಿ 1964ಕ್ಕೆ ಮೊದಲು ಕಪ್ಪು ಮಹಿಳೆಯರಿಗೆ ಕೆಲಸವೇ ಸಿಕ್ಕಿರಲಿಲ್ಲ. 1970ರ ದಶಕದ ಹಿಂಜರಿತದಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ಸೇವಾಹಿರಿತನದ ನಿಯಮ ಜಾರಿಯಾದಾಗ, ತಡವಾಗಿ ಸೇರಿದ್ದ ಅವರೇ ಹೊರಬಿದ್ದರು. ಐವರು ನ್ಯಾಯಾಲಯಕ್ಕೆ ಹೋದರು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಲಿಂಗ ತಾರತಮ್ಯವಿಲ್ಲ ಎಂದಿತು ನ್ಯಾಯಾಲಯ. ಆ ಹೆಂಗಸರು ಬಿಳಿಯರು. ಎರಡೂ ಕಾರಣಗಳನ್ನು ಜೋಡಿಸಿ ಹೊಸ ವರ್ಗವೊಂದನ್ನು ಸೃಷ್ಟಿಸಲಾಗದು ಎಂದೂ 1976ರ ಆ ತೀರ್ಪು ಹೇಳಿತು. ಕಪ್ಪು ಜನಕ್ಕೆ ಕೆಲಸ ಸಿಕ್ಕಿದ್ದರೂ ಅದು ಗಂಡಸರಿಗೆ ಸಿಕ್ಕಿತ್ತು. 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಈ ಮೊಕದ್ದಮೆಯನ್ನೇ ಎತ್ತಿಕೊಂಡು, ಎರಡು ರಸ್ತೆ ಕೂಡುವಲ್ಲಿ ನಿಂತವರಿಗೆ ಬೀಳುವ ಪೆಟ್ಟು ಯಾವ ರಸ್ತೆಯದೆಂದು ಬಿಡಿಸಿ ಹೇಳಲಾಗದು ಎಂದು ವಾದಿಸಿದರು. ಕನ್ನಡದಲ್ಲಿ ಇದನ್ನು ಅಂತರ್‌ಛೇದೀಯತೆ ಎನ್ನುವುದುಂಟು. ನಾನು ತರಗತಿಯಲ್ಲಿ ‘ಕೂಡುರಸ್ತೆಯ ಪೆಟ್ಟು’ ಎನ್ನುತ್ತೇನೆ, ಹುಡುಗರಿಗೆ ಬೇಗ ಹತ್ತುತ್ತದೆ.

ನಮ್ಮ ಸುಪ್ರೀಂ ಕೋರ್ಟು 2021ರ ಏಪ್ರಿಲ್ 27ರ ತೀರ್ಪಿನಲ್ಲಿ ಈ ಪರಿಕಲ್ಪನೆಯನ್ನು ವಿಸ್ತಾರವಾಗಿ ಚರ್ಚಿಸಿದೆ. ಆಂಧ್ರಪ್ರದೇಶದ, ಪರಿಶಿಷ್ಟ ಜಾತಿಗೆ ಸೇರಿದ, ಹುಟ್ಟಿನಿಂದ ದೃಷ್ಟಿಯಿಲ್ಲದ ಯುವತಿಯ ಮೇಲಿನ ಅತ್ಯಾಚಾರದ ಪ್ರಕರಣವದು. ಆಕೆ ಆರೋಪಿಯನ್ನು ದನಿಯಿಂದ ಗುರುತಿಸಿದ್ದಳು. ಕಣ್ಣಿಲ್ಲದವರ ಸಾಕ್ಷ್ಯ ಇತರರ ಸಾಕ್ಷ್ಯಕ್ಕಿಂತ ಕಡಿಮೆಯಲ್ಲ ಎಂದ ನ್ಯಾಯಾಲಯ ಅತ್ಯಾಚಾರಕ್ಕೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆ ಬಿದ್ದುಹೋಯಿತು. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಆಕೆಯ ಜಾತಿಯ ಕಾರಣಕ್ಕೇ ಅಪರಾಧ ನಡೆಯಿತೆಂದು ರುಜುವಾತಾಗಬೇಕಿತ್ತು, ಅದಕ್ಕೆ ಪ್ರತ್ಯೇಕ ಸಾಕ್ಷ್ಯವಿರಲಿಲ್ಲ. ಮೂರು ರಸ್ತೆ ಕೂಡುವಲ್ಲಿ ಆಕೆ ನಿಂತಿದ್ದನ್ನು ತೀರ್ಪು ಸ್ಪಷ್ಟವಾಗಿ ಕಂಡಿತು. ಕಾನೂನಿನ ಪದಗಳು ಮಾತ್ರ ಒಂದೊಂದು ರಸ್ತೆಯನ್ನೂ ಬೇರೆಯಾಗಿ ಕೇಳುತ್ತಿದ್ದವು. 2016ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ ಸಂತ್ರಸ್ತರ ಜಾತಿ ಆರೋಪಿಗೆ ತಿಳಿದಿತ್ತೆಂದು ತೋರಿಸಿದರೆ ಸಾಕು.

ಹೆಂಗಸರಿಗೆ ಬಸ್ಸು ಉಚಿತ, ಇವರಿಗೆಲ್ಲ ಮೀಸಲಾತಿ. ಇದು ಉಳಿದವರಿಗೆ ಅನ್ಯಾಯವಲ್ಲವೇ?

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಗ್ಗೆ ಈ ಪ್ರಶ್ನೆ ಹೆಚ್ಚು ಬರುತ್ತದೆ. ವೆಚ್ಚ, ನೂಕುನುಗ್ಗಲು, ನಿಗಮಗಳ ಬಾಕಿ ಇವೆಲ್ಲ ಚರ್ಚಿಸಬೇಕಾದ ಸಂಗತಿಗಳೇ. ಆದರೆ ಮನೆಯಿಂದ ಹೊರಡಲು ಯಾರ ಬಳಿ ಹಣ ಕೇಳಬೇಕಿತ್ತು ಎಂಬುದನ್ನು ಆ ಚರ್ಚೆಯಲ್ಲಿ ಸೇರಿಸದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೂ ಈ ಪ್ರಯಾಣ ಉಚಿತವೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೀಸಲಾತಿಯ ಬಗ್ಗೆ, ಅದು ಜಾತಿ ಮೀಸಲಾತಿಯ ಪಕ್ಕದಲ್ಲಿ ಇನ್ನೊಂದು ಪ್ರತ್ಯೇಕ ಪಾಲು ಎಂಬ ತಪ್ಪು ತಿಳಿವಳಿಕೆಯಿದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕೊಟ್ಟ ಶೇ. 1, ಅಂಗವಿಕಲರಿಗೆ 2016ರ ಕಾಯ್ದೆ ಕೊಟ್ಟ ಕನಿಷ್ಠ ಶೇ. 4, ಇವು ಸಮತಲ ಮೀಸಲಾತಿಗಳು. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂಬ ಪ್ರತಿಯೊಂದು ಕಂಬದ ಒಳಗೂ ಅಡ್ಡಲಾಗಿ ಹಾಯುತ್ತವೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಜಾತಿಯೂ ಲಿಂಗತ್ವವೂ ಒಟ್ಟಿಗೆ ಇರಬಲ್ಲವು ಎಂಬುದನ್ನು ಒಪ್ಪಿದ ಲೆಕ್ಕಾಚಾರವಿದು.

ಇವರ ಸಂಖ್ಯೆ ಬಹಳ ಕಡಿಮೆಯಲ್ಲವೇ?

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬುದರ ಜೊತೆ ‘ಇತರೆ’ ಎಂಬ ಆಯ್ಕೆ ಬಂದಾಗ ದೇಶದಲ್ಲಿ ಸುಮಾರು 4.88 ಲಕ್ಷ ಜನ ಅದರಲ್ಲಿ ದಾಖಲಾದರು. ಅಂಗವಿಕಲರು 2.68 ಕೋಟಿ, ಜನಸಂಖ್ಯೆಯ ಶೇ. 2.21. ಗಣತಿದಾರರು ಅಂಗಳಕ್ಕೆ ಬಂದಾಗ ಉತ್ತರ ಕೊಡುವವರು ಸಾಮಾನ್ಯವಾಗಿ ಮನೆಯ ಯಜಮಾನರು. ಮಗಳ ಮದುವೆ ಮುಂದಿರುವಾಗ ಮಗನ ಬುದ್ಧಿಮಾಂದ್ಯವನ್ನು, ಊರು ಬಿಟ್ಟುಹೋದ ಇನ್ನೊಂದು ಮಗುವಿನ ಗುರುತನ್ನು ಅವರು ಎಷ್ಟರ ಮಟ್ಟಿಗೆ ಹೇಳಿಯಾರು? ಕಳಂಕ ಎಷ್ಟು ಗಟ್ಟಿಯೋ ಎಣಿಕೆ ಅಷ್ಟು ಚಿಕ್ಕದಾಗುತ್ತದೆ.

ನಾನು ವಿದ್ಯಾರ್ಥಿ. ಈ ವಿಷಯದಲ್ಲಿ ಸಣ್ಣ ಅಧ್ಯಯನ ಮಾಡಬೇಕು. ಎಲ್ಲಿಂದ ಆರಂಭಿಸಲಿ?

ಜನರಿಂದ ಬೇಡ, ಅರ್ಜಿ ನಮೂನೆಗಳಿಂದ ಆರಂಭಿಸಿ. ಕಾಲೇಜು ಪ್ರವೇಶ, ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಆಸ್ಪತ್ರೆ ದಾಖಲಾತಿ, ಹೀಗೆ ಹತ್ತು ನಮೂನೆಗಳನ್ನು ಒಟ್ಟು ಮಾಡಿ. ತಂದೆ ಅಥವಾ ಗಂಡನ ಹೆಸರು ಎಂಬ ಅಂಕಣ ಎಷ್ಟರಲ್ಲಿದೆ, ಲಿಂಗಕ್ಕೆ ಎಷ್ಟು ಚೌಕಗಳಿವೆ, ಪ್ರಮಾಣಪತ್ರ ಲಗತ್ತಿಸಿ ಎಂದು ಯಾರಿಗೆ ಹೇಳಿದ್ದಾರೆ, ಯಾರಿಗೆ ಹೇಳಿಲ್ಲ ಎಂದು ಪಟ್ಟಿ ಮಾಡಿ. ತಾನು ಗಂಡಸೆಂದು, ನಡೆಯಬಲ್ಲೆನೆಂದು ದಾಖಲೆ ತರಬೇಕಾದ ಅರ್ಜಿದಾರ ಯಾವ ನಮೂನೆಯಲ್ಲಾದರೂ ಸಿಕ್ಕರೆ ನನಗೂ ತಿಳಿಸಿ. ಆಮೇಲೆ ಆ ಅರ್ಜಿಯನ್ನು ಕೊಡುವ ಕಿಟಕಿಯವರೆಗೆ ನಡೆದುಹೋಗಿ, ಮೆಟ್ಟಿಲು ಎಣಿಸಿಕೊಂಡು ಬನ್ನಿ.